ಅಂಗಡಿಯ ಕಟ್ಟೆ

(ಬಾನುಲಿ ಭಾಷಣ)

ಅಂಗಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕುಳಿತಾಗ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಯಾವ ದೊಡ್ಡ ಪೇಟೆಯೂ ಅಲ್ಲ. ರಾಜೂರಿನ ಒಂದು ಕಿರಾಣಿ ಅಂಗಡಿಯ ಕಟ್ಟೆ. ರಾಜೂರ ನನ್ನ ಹುಟ್ಟೂರು. ಈಗ ಅದು ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿಗೆ ಸೇರಿದೆ. ನಾವು ಹುಡುಗರಾಗಿದ್ದಾಗ ಕಾಗದದ ಮೇಲೆ ರೋಣ ತಾಲೂಕು, ಧಾರವಾಡ ಜಿಲ್ಲೆ ಎಂದು ಬರೆಯುತ್ತಿದ್ದೆವು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆ ತಾಲೂಕುಗಳ ಹೆಸರು ಬದಲಾದರೂ ಸೀರೆ ಕುಪ್ಪಸಕ್ಕೆಂದು ನಮ್ಮವರು ಗಜೇಂದ್ರಗಡಕ್ಕೆ ಹೋಗುವುದೇನೂ ಬದಲಾಗಲಿಲ್ಲ. ಅದು ನೇಕಾರರ ಊರು. ಉಪ್ಪು, ಬೆಲ್ಲ, ಎಣ್ಣೆ, ಬೆಂಕಿಪೊಟ್ಟಣಗಳಿಗೆ ಮಾತ್ರ ಊರ ಅಂಗಡಿಯೇ ಗತಿ.

ಆ ಅಂಗಡಿಗೆ ಹೆಸರಿನ ಹಲಗೆಯಿರಲಿಲ್ಲ. ಬೀದಿಗಿಂತ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಅದನ್ನು ದಾಟಿದರೆ ಸಾವುಕಾರರ ಗಾದಿ, ಒರಗಲು ಲೋಡು, ಒಂದು ಮಗ್ಗುಲಿಗೆ ಗಲ್ಲಾಪೆಟ್ಟಿಗೆ, ಎದುರಿಗೆ ತೂಗುಬಿದ್ದ ತಕ್ಕಡಿ. ಕಡಲೆ, ಹೆಸರು, ತೊಗರಿಗಳ ಚೀಲಗಳು ಬಾಯಿಯ ಅಂಚನ್ನು ಸುರುಳಿಯಾಗಿ ಮಡಿಚಿಕೊಂಡು ಸಾಲಾಗಿ ಕುಳಿತಿರುತ್ತಿದ್ದವು. ಬಂದವರು ಕಟ್ಟೆಯ ಮೇಲೆ ಒಂದು ಕಾಲು ಊರಿ, ಕೈಯನ್ನು ಚೀಲದೊಳಗೆ ತೂರಿಸಿ, ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, ಆಮೇಲೆ ದರ ಕೇಳುತ್ತಿದ್ದರು. ಒಣಮೆಣಸಿನಕಾಯಿ, ಬೆಲ್ಲ, ಸೀಮೆಎಣ್ಣೆ ಮೂರೂ ಸೇರಿ ಒಂದು ವಾಸನೆ. ಅದನ್ನು ಇಂದು ಯಾವ ಸೀಸೆಯಲ್ಲಿ ತುಂಬಿ ಮಾರಿದರೂ ಯಾರೂ ಕೊಳ್ಳಲಾರರು. ನನಗೆ ಮಾತ್ರ ಈಗಲೂ ಎಲ್ಲಿಯಾದರೂ ಅದು ಮೂಗಿಗೆ ತಾಕಿದರೆ ಎಂಟು ವರ್ಷದವನಾಗಿಬಿಡುತ್ತೇನೆ. ತೂಕ ಮುಗಿದ ಮೇಲೆ ಸಾವುಕಾರರು ಒಂದು ಚಿಟಿಕೆ ಕೊಸರು ಹಾಕುತ್ತಿದ್ದರು. ಹುಡುಗರ ಕೈಗೆ ಬೆಲ್ಲದ ಚೂರು ಬೇರೆ.

ಒಂದು ಮಧ್ಯಾಹ್ನ ನಾನು ಎಣ್ಣೆಗೆಂದು ಹೋದೆ. ಗಾದಿಯ ಮೇಲೆ ಸಾವುಕಾರರಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಓಣಿಯ ಮುದುಕರೊಬ್ಬರು ಎದ್ದು, “ಸಾವ್ಕಾರ್ರು ಉಣ್ಣಾಕ ಹೋಗ್ಯಾರ, ಏನ್ ಬೇಕಾಗಿತ್ತು ತಮ್ಮಾ?” ಎಂದರು. ತಾವೇ ಒಳಗೆ ಹೋಗಿ, ಡಬ್ಬಿಯಿಂದ ಎಣ್ಣೆ ಅಳೆದು, ರೊಕ್ಕವನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಮರಳಿ ಬಂದು ಕುಳಿತರು. ಅವರು ಅಂಗಡಿಯ ಆಳಲ್ಲ, ಸಂಬಂಧಿಯಲ್ಲ. ಬೆಳಿಗ್ಗೆ ಒಂದು ಚುಟ್ಟಾ ಕೊಂಡವರು ಅಷ್ಟೆ. ಇದರಲ್ಲಿ ವಿಶೇಷವೇನಾದರೂ ಇದೆಯೆಂದು ಆಗ ನನಗೆ ಅನಿಸಲೇ ಇಲ್ಲ. ಅಂಗಡಿಯೆಂದರೆ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆ.

ಮನುಷ್ಯ ಒಂದು ಅಂಗಡಿಗೆ ಮತ್ತೆ ಮತ್ತೆ ಏಕೆ ಹೋಗುತ್ತಾನೆ? ಹೋದಲ್ಲಿ, ತನ್ನದಲ್ಲದ ಕೆಲಸಕ್ಕೆ, ಯಾರೂ ಕೇಳದಿದ್ದರೂ ಏಕೆ ಕೈಹಚ್ಚುತ್ತಾನೆ? ಸರಕು ಚೆನ್ನಾಗಿದ್ದರೆ, ದರ ಕಡಿಮೆಯಿದ್ದರೆ ಹೋಗುತ್ತಾನೆ ಎಂಬ ಉತ್ತರ ಸಿದ್ಧವಾಗಿದೆ. ಅದೇನೂ ಸುಳ್ಳಲ್ಲ. ಧಾರವಾಡದ ಲೈನ್ ಬಜಾರಿನ ಪೇಢೆಯ ಅಂಗಡಿಯ ಮುಂದೆ ಸಾಲು ಹಚ್ಚಿ ನಿಂತವರನ್ನು ನೀವು ನೋಡಿರುತ್ತೀರಿ. ಅಲ್ಲಿ ಕೂರಲು ಜಾಗವಿಲ್ಲ, ನಿಲ್ಲಲು ನೆರಳಿಲ್ಲ. ಪೇಢೆಯೇ ಕರೆಯುತ್ತದೆ, ಜನ ಬರುತ್ತಾರೆ. ಆದರೆ ಆ ಮುದುಕರನ್ನು ಗಾದಿಯ ತನಕ ಎಬ್ಬಿಸಿ ಕಳಿಸಿದ್ದು ಎಣ್ಣೆಯ ದರವಲ್ಲವಷ್ಟೆ.

ಈ ಪ್ರಶ್ನೆಯನ್ನು ಪಶ್ಚಿಮದ ವಿದ್ವಾಂಸರು ಅರ್ಧ ಶತಮಾನದಿಂದ ಗಂಭೀರವಾಗಿ ಕೇಳುತ್ತ ಬಂದಿದ್ದಾರೆ. ಅಮೆರಿಕದ ಫಿಲಿಪ್ ಕೋಟ್ಲರ್ 1973ರಲ್ಲಿ ಒಂದು ಲೇಖನ ಬರೆದು, ಕೊಳ್ಳುವವನು ಸರಕನ್ನಷ್ಟೇ ಅಲ್ಲ, ಸರಕು ಇರುವ ಜಾಗದ ಬೆಳಕು, ಬಣ್ಣ, ಸದ್ದು, ವಾಸನೆಗಳನ್ನೂ ಕೊಳ್ಳುತ್ತಾನೆ. ಅಂಗಡಿಯ ವಾತಾವರಣವನ್ನೇ ವ್ಯಾಪಾರದ ಉಪಕರಣವಾಗಿ ರೂಪಿಸಬಹುದು ಎಂದರು. 1982ರಲ್ಲಿ ಮಿಲಿಮನ್ ಎಂಬವರು ಒಂದು ದೊಡ್ಡ ದಿನಸಿ ಅಂಗಡಿಯಲ್ಲಿ ಕೆಲವು ದಿನ ನಿಧಾನದ ಸಂಗೀತವನ್ನೂ ಕೆಲವು ದಿನ ವೇಗದ ಸಂಗೀತವನ್ನೂ ಹಚ್ಚಿ ನೋಡಿದರು. ನಿಧಾನದ ಸಂಗೀತವಿದ್ದಾಗ ಜನ ನಿಧಾನವಾಗಿ ನಡೆದರು. ವ್ಯಾಪಾರ ನೂರಕ್ಕೆ 38ರಷ್ಟು ಹೆಚ್ಚಿತು. ವಿಲಂಬಿತ ಲಯಕ್ಕೆ ಇಂಥ ಒಂದು ಉಪಯೋಗವೂ ಇದೆಯೆಂದು ನಮ್ಮ ಗದಗ-ಧಾರವಾಡದ ಗವಾಯಿಗಳಿಗೆ ತಿಳಿದಿರಲಾರದು.

ನೆರವಿನ ವಿಷಯದಲ್ಲಿ ಇನ್ನೂ ಸ್ವಾರಸ್ಯದ ಪ್ರಯೋಗಗಳಿವೆ. 1972ರಲ್ಲಿ ಐಸೆನ್ ಮತ್ತು ಲೆವಿನ್ ಎಂಬ ಇಬ್ಬರು ವ್ಯಾಪಾರ ಸಂಕೀರ್ಣಗಳ ದೂರವಾಣಿ ಗೂಡುಗಳಲ್ಲಿ, ನಾಣ್ಯ ಮರಳಿ ಬೀಳುವ ಕಿಂಡಿಯೊಳಗೆ ಕೆಲವು ಸಲ ಒಂದು ಚಿಕ್ಕ ನಾಣ್ಯ ಬಿಟ್ಟರು, ಕೆಲವು ಸಲ ಬಿಡಲಿಲ್ಲ. ಗೂಡಿನಿಂದ ಹೊರಬಂದವರ ಮುಂದೆ ಹೆಂಗಸೊಬ್ಬಳು ಕಾಗದಗಳ ಕಟ್ಟನ್ನು ಕೈಜಾರಿ ಬೀಳಿಸುತ್ತಾಳೆ. ನಾಣ್ಯ ದೊರೆತ 16 ಜನರಲ್ಲಿ 14 ಜನ ಬಗ್ಗಿ ಆಯ್ದುಕೊಟ್ಟರು. ದೊರೆಯದ 25 ಜನರಲ್ಲಿ ಒಬ್ಬನೇ ಒಬ್ಬ. ಲೆಕ್ಕ ಇಷ್ಟು ಚೊಕ್ಕವಾಗಿದ್ದರೆ ನನಗಂತೂ ಸಂಶಯ ಬರುತ್ತದೆ. ಮುಂದೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಫಲ ಹೀಗೆಯೇ ಬರಲಿಲ್ಲವೆಂಬುದನ್ನೂ ಹೇಳಬೇಕು. 1997ರಲ್ಲಿ ರಾಬರ್ಟ್ ಬ್ಯಾರನ್ ಎಂಬವರು ವಾಸನೆಯನ್ನು ಹಿಡಿದುಕೊಂಡು ಹೊರಟರು. ಕಾಫಿ ಹುರಿಯುವ, ಬಿಸ್ಕೀಟು ಬೇಯುವ ಅಂಗಡಿಗಳ ಹತ್ತಿರ ಹಾಯುವವರು, ವಾಸನೆಯಿಲ್ಲದ ಕಡೆ ಹಾಯುವವರಿಗಿಂತ ಹೆಚ್ಚಾಗಿ ಬಿದ್ದ ಪೆನ್ನನ್ನು ಎತ್ತಿಕೊಟ್ಟರು, ಕೇಳಿದವರಿಗೆ ಚಿಲ್ಲರೆ ಕೊಟ್ಟರು.

ಇವನ್ನೆಲ್ಲ ಓದಿದಾಗ ನನಗೆ ಮೊದಲು ಸಂತೋಷವಾಯಿತು. ನಮ್ಮ ಸಾವುಕಾರರ ಬೆಲ್ಲದ ಚೂರಿಗೆ ಶಾಸ್ತ್ರದ ಮುದ್ರೆ ಬಿತ್ತೆಂದು. ಆಮೇಲೆ ಯೋಚಿಸಿದೆ. ಸುವಾಸನೆಯಿಂದ ಹುಟ್ಟಿದ ಒಳ್ಳೆಯತನ ಆ ಓಣಿಯನ್ನು ದಾಟುವವರೆಗೆ ಇದ್ದೀತು. ಸಂಗೀತ ಗಿರಾಕಿಯ ಹೆಜ್ಜೆಯನ್ನು ನಿಧಾನ ಮಾಡೀತು. ಆದರೆ ನಾಳೆ ಮತ್ತೆ ಬಾ ಎಂದು ಅವು ಹೇಳಲಾರವು. ಬೇರೆಯವರ ಗಲ್ಲಾಪೆಟ್ಟಿಗೆಯನ್ನು ಕಾಯಿಸಲಂತೂ ಆರವು. ಅಲ್ಲಿ ಬೇರೇನೋ ಇರಬೇಕು.

ಅದೇನೆಂದು ನನಗೆ ತೋರಿಸಿಕೊಟ್ಟವಳು ನಮ್ಮ ಅವ್ವ. ಒಂದು ಸಂಜೆ ಊರ ಅಂಗಡಿಯಿಂದ ನಾನು ತಂದ ಚಿಲ್ಲರೆಯನ್ನು ಅವಳು ಎಣಿಸಿದಳು. ನಾಲ್ಕಾಣೆ ಹೆಚ್ಚು ಬಂದಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. “ಈಗ ಹೋಗಿ ಕೊಟ್ಟು ಬಾ. ರಾತ್ರಿ ಕಿರ್ದಿ ಬರಿಯೋವಾಗ ಲೆಕ್ಕ ತಪ್ಪತೈತಿ, ಪಾಪ, ಮನಿಷ್ಯಾ ನಿದ್ದಿಗೆಡತಾನ,” ಎಂದು ತಲೆಯ ಮೇಲೆ ಗೊಂಗಡಿಯ ಕೊಪ್ಪಿ ಹಾಕಿ ಕಳಿಸಿದಳು. ಅದೇ ಅವ್ವ, ಅದೇ ವರ್ಷ, ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ಕೊಂಡಳು. ಅಲ್ಲಿ ಗುಮಾಸ್ತನು ಅವಳು ಮುಟ್ಟಿದ ಸೀರೆಯನ್ನೆಲ್ಲ ತಟ್ಟನೆ ಎಳೆದು ಮಡಿಚಿಡುತ್ತಿದ್ದ. ಅವಳ ಚೀಲದ ಕಡೆಗೆ ಎರಡು ಸಲ ನೋಡಿದ. ದುಡ್ಡು ಕೊಡುವಾಗ ಒಂದು ರೂಪಾಯಿಯಷ್ಟು ಅವನೇ ಕಡಿಮೆ ಹಿಡಿದ. ನಾನು ಅವ್ವನ ಸೆರಗು ಜಗ್ಗಿದೆ. ಅವಳು ಮಾತನಾಡದೆ ಹೊರಬಂದಳು. ದಾರಿಯಲ್ಲಿ ಕೇಳಿದರೆ, “ಒಂದು ತಾಸು ನಮ್ಮನ್ನ ಕಳ್ಳರಂಗ ನೋಡ್ಯಾನ. ಅದರ ಕೂಲಿ ಅಂತ ತಿಳಕೋ,” ಎಂದಳು.

ಅವ್ವ ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಮನೆಗೆ ಬಂದ ಮೇಲೆ ಅವಳಿಗೂ ಆ ರೂಪಾಯಿ ಚುಚ್ಚಿರಬೇಕು. ಮುಂದಿನ ಸಂತೆಯ ದಿನ ಅದನ್ನು ಭಿಕ್ಷುಕನ ಜೋಳಿಗೆಗೆ ಹಾಕಿದಳು, ಅಂಗಡಿಗೆ ಮಾತ್ರ ಮರಳಿಸಲಿಲ್ಲ. ಒಬ್ಬಳೇ ಹೆಂಗಸು, ಒಂದೇ ಮನಸ್ಸು. ಎರಡು ಅಂಗಡಿಗಳಲ್ಲಿ ಎರಡು ನಡತೆ. ಅಂಗಡಿಯ ಜಾಗ, ಅದರ ಗಾದಿ, ಅಡ್ಡಗಟ್ಟೆ, ಅಲ್ಲಿಯವರ ಕಣ್ಣು ಎಲ್ಲ ಸೇರಿ ಒಳಗೆ ಬಂದವನಿಗೆ ‘ನಿನ್ನನ್ನು ನಾವು ಏನೆಂದು ತಿಳಿದಿದ್ದೇವೆ’ ಎಂಬುದನ್ನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತವೆ. ಅವನು ಹಾಗೆಯೇ ಆಗುತ್ತಾನೆ. ಚೀಲದೊಳಗೆ ಕೈ ಹಾಕಲು ಬಿಟ್ಟಲ್ಲಿ ಗಲ್ಲಾಪೆಟ್ಟಿಗೆಯನ್ನು ಕಾಯುತ್ತಾನೆ. ಸೀರೆಯನ್ನು ಎಳೆದುಕೊಂಡಲ್ಲಿ ರೂಪಾಯಿಯನ್ನು ಸುಮ್ಮನೆ ನುಂಗುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ಹಳೆಯ ಅಂಗಡಿಯ ಗುಣಗಾನ ಮಾಡಿದಂತಾಗುತ್ತದೆ. ಅದು ಅರ್ಧ ಸತ್ಯ.

ಮೊದಲನೆಯದಾಗಿ, ಆ ಅಂಗಡಿಯ ಕಾಯಂ ಗಿರಾಕಿಗಳೆಲ್ಲ ಪ್ರೀತಿಯಿಂದ ಕಾಯಂ ಆದವರಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ರಿ ವಹಿಯೊಂದು ಗಾದಿಯ ಮಗ್ಗುಲಿಗೆ ಇರುತ್ತಿತ್ತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಪೇಟೆಯ ಅಂಗಡಿಗಳಿಗೆ ಒಪ್ಪೀತು. ಮಳೆಯನ್ನೇ ನಂಬಿದ ಎರಿ ಸೀಮೆಯಲ್ಲಿ ಸುಗ್ಗಿಯ ತನಕ ನಗದು ಎಲ್ಲಿಂದ ಬರಬೇಕು? ಉದ್ರಿಯಿಲ್ಲದೆ ಒಲೆ ಉರಿಯದು. ಉದ್ರಿ ಇದ್ದವನು ಬೇರೆ ಅಂಗಡಿ ಹತ್ತಲಾರ. ಸುಗ್ಗಿಯಲ್ಲಿ ಕಾಳನ್ನು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ ಅಳೆಯಬೇಕು. ಇದನ್ನು ನಿಷ್ಠೆಯೆಂದು ಕರೆದರೆ ಗಾಣದ ಎತ್ತಿನದೂ ನಿಷ್ಠೆಯೇ. ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದ್ದು, ಹಿಂದಿನ ವರ್ಷವಷ್ಟೇ ಬಂದಿದ್ದ ಕಾಯಿದೆಯ ಆಧಾರದಿಂದ ಇಡೀ ದೇಶಕ್ಕೆ ದಾರಿ ತೋರಿಸಿದ್ದು, ಇಂಥ ವಹಿಗಳಿಂದ ಬಿಡಿಸಿಕೊಳ್ಳುವುದಕ್ಕಾಗಿ. ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ ಅದಕ್ಕೂ ಮೊದಲೇ, 1844ರ ಡಿಸೆಂಬರದಲ್ಲಿ, 28 ಜನ ಸೇರಿ ಟೋಡ್ ಲೇನ್ ಎಂಬ ಓಣಿಯಲ್ಲಿ ತಮ್ಮದೇ ಅಂಗಡಿ ತೆರೆದಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸಿನ ನುಚ್ಚು, ಕೆಲವು ಮೇಣದ ಬತ್ತಿ; ಇಷ್ಟೇ ಸರಕು. ಮೊದಮೊದಲು ವಾರಕ್ಕೆ ಎರಡೇ ರಾತ್ರಿ ಬಾಗಿಲು ತೆರೆಯುತ್ತಿತ್ತು. ಬಣ್ಣವಿಲ್ಲ, ಸಂಗೀತವಿಲ್ಲ. ಉದ್ರಿಯಂತೂ ಇಲ್ಲವೇ ಇಲ್ಲ. ಆದರೆ ವರ್ಷಾಂತ್ಯದ ಲಾಭ, ಕೊಂಡಷ್ಟಕ್ಕೆ ತಕ್ಕಂತೆ ಕೊಂಡವರಿಗೇ ಮರಳಿ ಬರುತ್ತಿತ್ತು. ಅಲ್ಲಿ ಗಿರಾಕಿ ಅಂಗಡಿಯನ್ನು ಕಾಯ್ದರೆ ತನ್ನದನ್ನೇ ಕಾಯ್ದಂತೆ.

ಎರಡನೆಯ ಮಾತು ಇದಕ್ಕಿಂತ ಕಹಿ. ನನ್ನ ಸಂಗಡ ಶಾಲೆಯಲ್ಲಿ ಓದಿದ ಗೆಳೆಯನೊಬ್ಬ ಊರ ಹೊರಗಿನ ಕೇರಿಯವನು. ನಾನು ಇದುವರೆಗೆ ಬಣ್ಣಿಸಿದ ಕಟ್ಟೆಯನ್ನು ಅವನು ಹತ್ತಿದವನಲ್ಲ. ಬೀದಿಯಲ್ಲಿ ನಿಂತು ಕೂಗಬೇಕು. ಎಲ್ಲರೂ ಹೋದ ಮೇಲೆ ಅವನ ಸರದಿ. ದುಡ್ಡನ್ನು ಕಟ್ಟೆಯ ಅಂಚಿನ ಮೇಲಿಟ್ಟು ಹಿಂದೆ ಸರಿದರೆ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಕಾಳು ಮೇಲಿನಿಂದ ಅವನ ಸೆಲ್ಲೆಗೆ ಬೀಳುತ್ತಿತ್ತು. ಹುಳುಕಿದೆಯೋ ಚೊಕ್ಕವಿದೆಯೋ ಎಂದು ಮೊದಲೇ ಅಂಗೈಯಲ್ಲಿ ಹರಡಿ ನೋಡುವ ಮಾತೆಲ್ಲಿ? ಬೆಲ್ಲದ ಚೂರು ಅವನಿಗೂ ಸಿಗುತ್ತಿತ್ತು, ಎಸೆದದ್ದು. ಅದೇ ಸಾವುಕಾರರು, ಅದೇ ಒಳ್ಳೆಯ ಮನುಷ್ಯರು. ಮೊಣಕಾಲೆತ್ತರದ ಆ ಕಲ್ಲು ನನಗೆ ಕೂರುವ ಜಾಗವಾಗಿತ್ತು, ಅವನಿಗೆ ಗೋಡೆಯಾಗಿತ್ತು. ಎಷ್ಟೋ ವರ್ಷ ನಾನು ಅದನ್ನು ನೋಡಿಯೂ ನೋಡಲಿಲ್ಲ.

ನಮ್ಮ ಸಂವಿಧಾನದ 15ನೆಯ ಅನುಚ್ಛೇದವನ್ನು ಓದಿದವರು ಗಮನಿಸಿರಬಹುದು: ಜಾತಿ, ಧರ್ಮಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಅಲ್ಲಿ ಪಟ್ಟಿ ಮಾಡಿದ ಜಾಗಗಳಲ್ಲಿ ಮೊದಲು ಬರುವುದು ಅಂಗಡಿ. ಬಾವಿ, ಕೆರೆ, ರಸ್ತೆಗಳು ಆಮೇಲೆ. ಬರೆದವರಿಗೆ ಕಟ್ಟೆಯ ಎತ್ತರ ಗೊತ್ತಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ನಮ್ಮ ನೆನಪಿನ ಹಿಂದಿನ ಅಂಗಡಿಗಳು ಬದಲಾಗಲು ಅದರ ಮೇಲೂ ಬಹಳ ಕಾಲ ಹಿಡಿಯಿತು.

ಆದ್ದರಿಂದ, ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವನು 1916ರಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು, ಗಿರಾಕಿಯೇ ಒಳಗೆ ನಡೆದು ತನಗೆ ಬೇಕಾದ್ದನ್ನು ತಾನೇ ಎತ್ತಿಕೊಳ್ಳುವ ಪದ್ಧತಿ ಹಾಕಿದ್ದನ್ನು ಬರೀ ವ್ಯಾಪಾರದ ಯುಕ್ತಿಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅವನ ಲೆಕ್ಕ ಆಳುಗಳ ಸಂಬಳ ಉಳಿಸುವುದಾಗಿತ್ತು, ಇರಲಿ. ಆ ಪದ್ಧತಿ ಬಹುಕಾಲದ ಮೇಲೆ ನಮ್ಮ ಕಡೆಗೂ ಬಂತು. ನನ್ನ ಗೆಳೆಯ ನೌಕರಿಯಲ್ಲಿ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿದ್ದಾನೆ. ಸಣ್ಣ ಅಂಗಡಿಗಳ ಆಪ್ತತೆಯ ಬಗ್ಗೆ ನಾನೊಮ್ಮೆ ಅವನ ಮುಂದೆ ಉದ್ದವಾಗಿ ಮಾತನಾಡಿದೆ. ಅವನು ಕೇಳಿಸಿಕೊಂಡು, “ನನಗ ದೊಡ್ಡ ಅಂಗಡಿನ ಚಲೋ ಅನಸ್ತೈತಿ. ಅಲ್ಲಿ ಎಲ್ಲಾ ಮುಟ್ಟಿ ನೋಡಿ ತಗೋತೀನಿ. ನೀ ಯಾರಂವ ಅಂತ ಯಾರೂ ಕೇಳೂದಿಲ್ಲ,” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಊರಿನ ಅಂಥದೊಂದು ದೊಡ್ಡ ಅಂಗಡಿಗೆ ಇಬ್ಬರೂ ಕೂಡಿ ಹೋದೆವು. ಬಾಗಿಲಲ್ಲಿ ಕಾವಲುಗಾರ ನಮ್ಮ ಕೈಚೀಲ ಇಸಿದುಕೊಂಡು ಬಿಲ್ಲೆ ಕೊಟ್ಟ. ಮೇಲೆ ಗೋಡೆಯ ಮೂಲೆಮೂಲೆಗೆ ಕ್ಯಾಮರಾ. ಹೊರಗೆ ಬರುವಾಗ, ಆಗತಾನೆ ದುಡ್ಡು ತೆತ್ತ ಚೀಟಿಯನ್ನು ಇನ್ನೊಬ್ಬ ಕಾವಲುಗಾರ ಸಾಮಾನಿಗೆ ತಾಳೆ ನೋಡಿ ತೂತು ಹಾಕಿದ. ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮತ್ತೆ ಬನ್ನಿ’. ಒಳಗೆ ಮಜ್ಜಿಗೆಯ ಪೊಟ್ಟಣವೊಂದು ಒಡೆದು ನೆಲದ ಮೇಲೆ ಹರಿದಿತ್ತು. ಜನ ತಮ್ಮ ತಳ್ಳುಗಾಡಿಯನ್ನು ಅದರ ಬದಿಯಿಂದ ತಪ್ಪಿಸಿಕೊಂಡು ಹೋಗುತ್ತಿದ್ದರು. ನಾನೂ ಹಾಗೆಯೇ ಹೋದೆ. ಊರಿನಲ್ಲಾಗಿದ್ದರೆ ಒಂದು ಹಿಡಿ ಬೂದಿಯನ್ನಾದರೂ ಎರಚುತ್ತಿದ್ದೆ. ಇಲ್ಲಿ ಅದು ನನ್ನ ಕೆಲಸವೆಂದು ಕ್ಷಣವೂ ತೋಚಲಿಲ್ಲ. ಯಾರೂ ಅಲ್ಲದವನಾಗಿ ಒಳಗೆ ಬರುವ ಸುಖಕ್ಕೆ ಇದು ಬೆಲೆಯಿರಬಹುದು.

ಆದರೂ ಅಲ್ಲಿಯೇ ಇನ್ನೊಂದನ್ನು ಕಂಡೆ. ತರಕಾರಿ ತೂಗುವ ಯಂತ್ರದ ಹತ್ತಿರ ಯಾರೋ ಪುಣ್ಯಾತ್ಮರು ಎರಡು ಸ್ಟೂಲು ಇಡಿಸಿದ್ದರು. ಒಂದರ ಮೇಲೆ ವಯಸ್ಸಾದ ಹೆಂಗಸೊಬ್ಬಳು ಕುಳಿತು ಪೊಟ್ಟಣದ ಮೇಲಿನ ಸಣ್ಣಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು. ಕಾಲೇಜಿನ ಹುಡುಗನೊಬ್ಬ ತನ್ನ ತೂಕಕ್ಕೆ ಕಾಯುತ್ತಿದ್ದವನು, “ಕೊಡ್ರಿ ಅಜ್ಜಿ,” ಎಂದು ಇಸಿದುಕೊಂಡು ದರ, ತಾರೀಖು ಓದಿ ಹೇಳಿದ. ಆಮೇಲೆ ಇನ್ನೊಂದು ಪೊಟ್ಟಣ, ಮತ್ತೊಂದು. ಇಡೀ ಅಂಗಡಿಯಲ್ಲಿ ಮಾತು ಕೇಳಿಬಂದದ್ದು ಆ ಎರಡು ಸ್ಟೂಲುಗಳ ಸುತ್ತ ಮಾತ್ರ. ಸುಗಂಧವೇನೂ ಇರಲಿಲ್ಲ. ಅಲ್ಲಿ ಕುಳಿತುಕೊಳ್ಳಲು, ನಿಂತುಕೊಳ್ಳಲು ಒಂದು ನೆಪವಿತ್ತು.

ಸಾಹಿತ್ಯಪ್ರಿಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಧಾರವಾಡದ ಸುಭಾಸ ರಸ್ತೆಯಲ್ಲಿದೆ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಆ ಅಟ್ಟ. ಅದೂ ವ್ಯಾಪಾರದ ಜಾಗವೇ. ಪುಸ್ತಕ ಅಚ್ಚಾಗಬೇಕು, ಮಾರಾಟವಾಗಬೇಕು. ಅಲ್ಲಿ ಬೇಂದ್ರೆಯವರು ಕುಳಿತರು, ಕುರ್ತಕೋಟಿಯವರು ಕುಳಿತರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಈ ಮಾಲೆಯಿಂದಲೇ. ಪುಸ್ತಕ ಯಾವುದೆಂದು ತಿಳಿಯುವ ಮೊದಲೇ ವರ್ಷದ ಚಂದಾ ಕೊಟ್ಟ ಓದುಗರಿದ್ದರು. ಕಾಣದ ಸರಕಿಗೆ ಮುಂಗಡ ಕೊಡುವ ಗಿರಾಕಿಯನ್ನು ಯಾವ ಬೆಳಕು ಬಣ್ಣಗಳಿಂದ ಸಂಪಾದಿಸಬೇಕು? ಮೆಟ್ಟಿಲು ಹತ್ತಿದವನಿಗೆ ಕೂರಲು ಜಾಗವೂ ಮಾತಿಗೆ ಕಿವಿಯೂ ಸಿಕ್ಕಿದ್ದೇ ಅದರ ಮೂಲವೆಂದು ನಾನು ತಿಳಿದಿದ್ದೇನೆ.

ಕಳೆದ ಸುಗ್ಗಿಯ ಹೊತ್ತಿಗೆ ಗೆಳೆಯನೂ ನಾನೂ ರಾಜೂರಿಗೆ ಹೋಗಿದ್ದೆವು. ಆ ಅಂಗಡಿಯಲ್ಲಿ ಈಗ ಸಾವುಕಾರರ ಮೊಮ್ಮಗನಿದ್ದಾನೆ. ಕಟ್ಟೆ ಹೋಗಿದೆ, ಗಟಾರ ತೆಗೆಯುವಾಗ ಒಡೆದರಂತೆ. ನೆಲ ಬೀದಿಯ ಮಟ್ಟಕ್ಕೆ ಬಂದಿದೆ. ಗಾಜಿನ ಕಪಾಟು, ಅದರ ಮೇಲೆ ಕಪ್ಪು-ಬಿಳಿ ಚೌಕುಳಿಯ ಚೀಟಿ, ಪಕ್ಕದಲ್ಲಿ ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಹೊರಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಹುಡುಗ ನಮ್ಮಿಬ್ಬರನ್ನೂ ನೋಡಿ, “ಬರ್ರಿ ಕಾಕಾ, ಕುಂದರ್ರಿ,” ಎಂದ. ನಾನು ಕುಳಿತೆ. ಗೆಳೆಯ ಒಂದು ಗಳಿಗೆ ನಿಂತೇ ಇದ್ದ. ಆಮೇಲೆ ಅವನೂ ಕುಳಿತ. ಮನೆಗೆಂದು ಎರಡು ಕಿಲೋ ಕಡಲೆಯನ್ನು ಅಂಗೈಯಲ್ಲಿ ಹರಡಿ ನೋಡಿ ತೂಗಿಸಿಕೊಂಡು, ಫೋನಿನಿಂದ ಹಣ ಕಳಿಸಿದ. ಪೆಟ್ಟಿಗೆ ಸುಮ್ಮನಿತ್ತು. “ಇರ್ಲಿ ಬಿಡ್ರಿ ಕಾಕಾ, ಬರತೈತಿ, ನೆಟವರ್ಕ್ ಇರಂಗಿಲ್ಲ. ನೀವು ಹೊಂಡ್ರಿ,” ಎಂದ ಹುಡುಗ. ಬಸ್ಸಿನ ಹೊತ್ತಾಗಿತ್ತು. ನಾನು ಎದ್ದೆ. ಗೆಳೆಯ ಏಳಲಿಲ್ಲ. ಕಡಲೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಪೆಟ್ಟಿಗೆ ಮಾತನಾಡುವವರೆಗೆ ಅಲ್ಲಿಯೇ ಕುಳಿತಿದ್ದ.